ನೋಟ ಪರರಿಚ್ಛೆ: ಬಟ್ಟೆಯ ಜಾಹೀರಾತು ಮತ್ತು ಹರೆಯದ ಮನಸ್ಸು

ಯುಗಾದಿಗೆ ಇನ್ನೊಂದು ವಾರವಿರುವಾಗ ಯಾವುದಾದರೂ ತಾಲ್ಲೂಕು ಕೇಂದ್ರದ ಬಟ್ಟೆ ಅಂಗಡಿಯಲ್ಲಿ ಅರ್ಧ ಗಂಟೆ ಕುಳಿತರೆ ಈ ದೃಶ್ಯ ಕಾಣಸಿಗುತ್ತದೆ. ಅಪ್ಪ ಅಂಗಿಯ ಅಂಚನ್ನು ಬೆರಳುಗಳ ನಡುವೆ ಹಿಡಿದು ಉಜ್ಜಿ ನೋಡುತ್ತಾನೆ: ನೂಲು ಗಟ್ಟಿಯಿದೆಯೇ, ಬಣ್ಣ ಬಿಡುತ್ತದೆಯೇ, ಒಗೆದರೆ ಕುಗ್ಗುತ್ತದೆಯೇ. ಪಿಯುಸಿ ಓದುವ ಮಗ ಬಟ್ಟೆಯನ್ನು ಮುಟ್ಟುವುದೇ ಇಲ್ಲ. ಫೋನನ್ನು ಅಂಗಡಿಯವನ ಮುಂದೆ ಹಿಡಿದು ‘ಅಣ್ಣ, ಇಂಥದ್ದು ಐತಾ?’ ಎಂದು ಕೇಳುತ್ತಾನೆ. ಪರದೆಯ ಮೇಲೆ ಬೈಕಿಗೆ ಒರಗಿ ನಿಂತ ಒಬ್ಬ ತರುಣ. ಅಂಗಡಿಯವನು ಹೆಚ್ಚುಕಡಿಮೆ ಅದೇ ಬಣ್ಣದ, ಅದೇ ಚೌಕುಳಿಯ ಅಂಗಿಯನ್ನು ಕಪಾಟಿನಿಂದ ಇಳಿಸುತ್ತಾನೆ. ಹುಡುಗ ತಲೆಯಾಡಿಸುತ್ತಾನೆ. ‘ಇದಲ್ಲ.’

ಅಪ್ಪನಿಗೆ ಎರಡು ಅಂಗಿಗಳ ನಡುವೆ ವ್ಯತ್ಯಾಸ ಕಾಣುವುದಿಲ್ಲ. ಮಗನಿಗೆ ವ್ಯತ್ಯಾಸ ಬಿಟ್ಟು ಬೇರೇನೂ ಕಾಣುವುದಿಲ್ಲ.

ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂದು ಹಿರಿಯರು ಹೇಳುತ್ತಲೇ ಬಂದಿದ್ದಾರೆ. ಉಡುವುದು ಇನ್ನೊಬ್ಬರ ಕಣ್ಣಿಗೆ ಎಂಬುದರಲ್ಲಿ ಹೊಸದೇನೂ ಇಲ್ಲ. ಆ ‘ಪರರು’ ಯಾರು ಎಂಬುದು ಮಾತ್ರ ಬದಲಾಗುತ್ತ ಬಂದಿದೆ. ಒಂದು ಕಾಲಕ್ಕೆ ಅದು ಓಣಿ, ಊರು, ಜಾತಿಯ ಹಿರಿಯರು. ಈಗ ಆ ಜಾಗದಲ್ಲಿ ಜಾಹೀರಾತು ಬಂದು ಕುಳಿತಿದೆ ಎಂಬುದು ಅನೇಕರ ಆತಂಕ. ಬಟ್ಟೆಯ ಜಾಹೀರಾತು ಹರೆಯದವರಿಗೆ ತಮ್ಮ ದೇಹದ ಬಗ್ಗೆ ಕೀಳರಿಮೆ ತುಂಬುತ್ತದೆಯೇ? ದುಡ್ಡೇ ದೊಡ್ಡದು ಎಂದು ಕಲಿಸುತ್ತದೆಯೇ? ಅಥವಾ ಇದೆಲ್ಲ ಪ್ರತಿ ತಲೆಮಾರಿನ ಹಿರಿಯರಿಗೂ ಕಾಡುವ ಹಳೆಯ ಭಯವೇ? ಮನಶ್ಶಾಸ್ತ್ರ, ಸಮಾಜಶಾಸ್ತ್ರ, ಸ್ತ್ರೀವಾದ, ಕಾನೂನು, ಎಲ್ಲವೂ ಈ ಪ್ರಶ್ನೆಯ ಸುತ್ತ ಐವತ್ತು ವರ್ಷಗಳಿಂದ ವಾದಿಸುತ್ತಿವೆ.

ಟಿಕಾದಿಂದ ರೀಲ್ಸಿಗೆ

ಹತ್ತೊಂಬತ್ತನೇ ಶತಮಾನದ ಕೊನೆಯ ದಶಕಗಳಲ್ಲಿ ಮ್ಯಾಂಚೆಸ್ಟರ್, ಗ್ಲಾಸ್ಗೋ ಕಡೆಯಿಂದ ಭಾರತಕ್ಕೆ ಬರುತ್ತಿದ್ದ ಗಿರಣಿ ಬಟ್ಟೆಯ ಥಾನುಗಳ ಮೇಲೆ ಬಣ್ಣದ ಚೀಟಿಯೊಂದು ಅಂಟಿರುತ್ತಿತ್ತು. ವ್ಯಾಪಾರಿಗಳು ಅದನ್ನು ‘ಟಿಕಾ’ ಎನ್ನುತ್ತಿದ್ದರು. ದೇವದೇವಿಯರು, ಆನೆ, ಹುಲಿ, ಅರಮನೆಯ ಹೆಂಗಸರು ಅದರ ಮೇಲೆ ಅಚ್ಚಾಗಿರುತ್ತಿದ್ದರು. ಅಕ್ಷರ ಬಾರದವರೂ ಚಿತ್ರ ನೋಡಿ ಇಂಥ ಕಂಪನಿಯ ಬಟ್ಟೆ ಎಂದು ಗುರುತು ಹಿಡಿಯಬೇಕಿತ್ತು. ಬೆಂಗಳೂರಿನ ಕಸ್ತೂರಬಾ ರಸ್ತೆಯ ಮ್ಯಾಪ್ ಕಲಾಸಂಗ್ರಹಾಲಯದಲ್ಲಿ ಇಂಥ ಟಿಕಾಗಳಿವೆ. ಅಂಗೈಯಗಲದ ಆ ಚೀಟಿಗಳಲ್ಲಿ ಎದ್ದು ಕಾಣುವುದು ದೇವರು, ಇಲ್ಲವೇ ವೈಭವ. ಬಟ್ಟೆಯ ಗುಣದ ಬಗ್ಗೆ ಒಂದು ಮಾತೂ ಇರುವುದಿಲ್ಲ. ಬಟ್ಟೆಯ ಸುದ್ದಿ ಎತ್ತದೆ ಬಟ್ಟೆ ಮಾರುವ ಕಲೆ ನಮ್ಮ ನೆಲಕ್ಕೆ ಬಂದು ನೂರು ವರ್ಷಕ್ಕೂ ಮೇಲಾಯಿತು.

ಅದಕ್ಕೆ ಎದುರಾಗಿ ಎದ್ದದ್ದು ಖಾದಿ. ಗಾಂಧೀಜಿ 1921ರ ಸೆಪ್ಟೆಂಬರಿನಲ್ಲಿ ಮದುರೈಯಲ್ಲಿ ತುಂಡುಪಂಚೆ ಉಟ್ಟದ್ದನ್ನು ತ್ಯಾಗವೆಂದು ಓದಿದ್ದೇವೆ. ಅದು ಪ್ರಚಾರವೂ ಆಗಿತ್ತು. ಖಾದಿಗಾಗಿ ವಸ್ತುಪ್ರದರ್ಶನ, ಭಿತ್ತಿಚಿತ್ರ, ಊರೂರು ಸುತ್ತುವ ಸ್ಲೈಡ್ ಪ್ರದರ್ಶನಗಳನ್ನು ಹೇಗೆ ಯೋಜಿಸಲಾಗಿತ್ತು ಎಂಬುದನ್ನು ಇತಿಹಾಸಕಾರ್ತಿ ಲೀಸಾ ತ್ರಿವೇದಿ ವಿವರವಾಗಿ ದಾಖಲಿಸಿದ್ದಾರೆ. ಬಟ್ಟೆಯ ಮೂಲಕ ಯುವಜನರ ಮೌಲ್ಯ ಬದಲಿಸಲು ಈ ದೇಶದಲ್ಲಿ ನಡೆದ ಅತಿ ದೊಡ್ಡ ಪ್ರಚಾರ ಬಹುಶಃ ಅದೇ. ಈ ಚರ್ಚೆಯಲ್ಲಿ ಅದನ್ನು ಮರೆಯುವುದು ಸರಿಯಲ್ಲ. ಬಟ್ಟೆಯ ಪ್ರಚಾರ ಮನಸ್ಸನ್ನು ಬದಲಿಸಬಲ್ಲದು ಎಂದಾದರೆ ಅದು ಕೆಟ್ಟದ್ದಕ್ಕೂ ಆಗಬಹುದು, ಒಳ್ಳೆಯದಕ್ಕೂ ಆಗಬಹುದು.

ಈಗಿನ ಅರ್ಥದ ಬ್ರ್ಯಾಂಡು ನಮ್ಮಲ್ಲಿ ಬೆಳೆದದ್ದು ನಂತರ. ಧೀರೂಭಾಯಿ ಅಂಬಾನಿ ತಮ್ಮ ನರೋಡಾ ಗಿರಣಿಯ ಬಟ್ಟೆಗೆ ಅಣ್ಣನ ಮಗನ ಹೆಸರನ್ನೇ ಇಟ್ಟು ‘ವಿಮಲ್’ ಎಂದು ಕರೆದರು. 1980ರಲ್ಲಿ ಅಹಮದಾಬಾದಿನಲ್ಲಿ ಹುಟ್ಟಿದ ಮುದ್ರಾ ಜಾಹೀರಾತು ಸಂಸ್ಥೆ ವಿಮಲ್ ಹೆಸರನ್ನು ಮನೆಮನೆಗೆ ಒಯ್ದಿತು. 1982ರ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ಬಣ್ಣದ ಟಿ.ವಿ. ಬಂತು. ತೊಂಬತ್ತರ ದಶಕದ ರೇಮಂಡ್ ಜಾಹೀರಾತಿನ ‘ಸಂಪೂರ್ಣ ಪುರುಷ’ ಮಗುವನ್ನು ಎತ್ತಿ ಆಡಿಸುತ್ತಿದ್ದ, ಕಣ್ಣಲ್ಲಿ ನೀರು ತಂದುಕೊಳ್ಳುತ್ತಿದ್ದ. ಮೀಸೆ ತಿರುವುವ ಗಂಡಸುತನವೇ ಪರದೆ ತುಂಬಿದ್ದ ಕಾಲದಲ್ಲಿ ಅದು ಬೇರೆಯೇ ಮಾದರಿ. ಅರವಿಂದ್ ಗಿರಣಿಯ ಫ್ಲೈಯಿಂಗ್ ಮಷೀನ್ ಜೀನ್ಸ್ 1980ರಲ್ಲೇ ಬಂದಿತ್ತಾದರೂ ಅದು ನಗರದ ಹುಡುಗರ ಪಾಲಿನದು. 1995ರಲ್ಲಿ ಅದೇ ಕಂಪನಿ ‘ರಫ್ ಅಂಡ್ ಟಫ್’ ತಂದಿತು. ಹೊಲಿಯದ ಡೆನಿಮ್ ತುಂಡು, ಜಿಪ್, ಗುಂಡಿ, ರಿವೆಟ್ಟು, ಹಿಂಭಾಗಕ್ಕೆ ಹಚ್ಚುವ ಪಟ್ಟಿ, ಎಲ್ಲವೂ ಒಂದು ಪೊಟ್ಟಣದಲ್ಲಿ, 195 ರೂಪಾಯಿಗೆ. ಜಾಹೀರಾತಿನಲ್ಲಿ ಅಕ್ಷಯ್ ಕುಮಾರ್. ಹೊಲಿಯುವವನು ಊರಿನ ಟೈಲರ್. ಹಳ್ಳಿಯ ಹುಡುಗನೊಬ್ಬ ಸಿನಿಮಾ ನಟನ ಪ್ಯಾಂಟನ್ನು ತನ್ನ ಅಳತೆ ಕೊಟ್ಟು ಹೊಲಿಸಿಕೊಂಡ ಆ ಗಳಿಗೆಯಲ್ಲಿ ಜಾಹೀರಾತು ಊರೊಳಗೆ ಬಂತೇ, ಊರು ಜಾಹೀರಾತಿನೊಳಗೆ ಹೋಯಿತೇ ಎಂದು ಹೇಳುವುದು ಕಷ್ಟ.

ಹೊರದೇಶಗಳಲ್ಲಿ ಜಾಹೀರಾತಿನ ಸುತ್ತ ಗಲಾಟೆ ಜೋರಾಗಿತ್ತು. 1980ರಲ್ಲಿ ಕ್ಯಾಲ್ವಿನ್ ಕ್ಲೈನ್ ಜೀನ್ಸಿನ ಜಾಹೀರಾತಿನಲ್ಲಿ ಕಾಣಿಸಿಕೊಂಡ ಬ್ರೂಕ್ ಶೀಲ್ಡ್ಸ್‌ಗೆ 15 ವರ್ಷ. ಅದರ ದ್ವಂದ್ವಾರ್ಥದಿಂದ ಸಿಟ್ಟಾದ ಕೆಲವು ಟಿ.ವಿ. ಕೇಂದ್ರಗಳು ಪ್ರಸಾರ ನಿಲ್ಲಿಸಿದವು. 1995ರಲ್ಲಿ ಅದೇ ಕಂಪನಿಯ ಇನ್ನೊಂದು ಜಾಹೀರಾತು ಸರಣಿಯ ಬಗ್ಗೆ ಅಮೆರಿಕದ ನ್ಯಾಯಾಂಗ ಇಲಾಖೆಯೇ ವಿಚಾರಣೆಗೆ ಇಳಿಯಿತು. ಇಟಲಿಯ ಬೆನೆಟನ್ ಕಂಪನಿಗಾಗಿ ಒಲಿವಿಯೇರೊ ತೋಸ್ಕಾನಿ ಏಡ್ಸ್‌ನಿಂದ ಸಾಯುತ್ತಿರುವ ರೋಗಿಯ ಚಿತ್ರವನ್ನೇ ಸ್ವೆಟರ್ ಮಾರಲು ಬಳಸಿದ. ಜರ್ಮನಿಯ ಕೋರ್ಟು ಬೆನೆಟನ್ನಿನ ಇಂಥ ಚಿತ್ರಗಳನ್ನು ನಿಷೇಧಿಸಿತು, ಅಲ್ಲಿನ ಸಂವಿಧಾನ ನ್ಯಾಯಾಲಯ ಆ ನಿಷೇಧವನ್ನು ತಳ್ಳಿಹಾಕಿತು. ನಮ್ಮಲ್ಲೂ 1995ರ ಟಫ್ಸ್ ಬೂಟಿನ ಜಾಹೀರಾತಿನಲ್ಲಿ ಮಿಲಿಂದ್ ಸೋಮನ್, ಮಧು ಸಪ್ರೆ ಮೈಮೇಲೆ ಹೆಬ್ಬಾವಷ್ಟೇ ಸುತ್ತಿಕೊಂಡು ನಿಂತದ್ದಕ್ಕೆ ಹೂಡಿದ ಅಶ್ಲೀಲತೆಯ ಮೊಕದ್ದಮೆ 2009ರವರೆಗೆ ನಡೆದು ಖುಲಾಸೆಯಲ್ಲಿ ಮುಗಿಯಿತು.

ನಂತರದ ತಿರುವು ಬೆಂಗಳೂರಿನದು. ಮಿಂತ್ರಾ 2007ರಲ್ಲಿ, ಮೀಶೋ 2015ರಲ್ಲಿ ಇಲ್ಲಿ ಶುರುವಾದವು. 2016ರಲ್ಲಿ ಮೊಬೈಲ್ ಡೇಟಾ ಅಗ್ಗವಾಯಿತು. 2020ರ ಜೂನ್‌ನಲ್ಲಿ ಟಿಕ್‌ಟಾಕ್ ನಿಷೇಧವಾದ ಕೆಲವೇ ದಿನಗಳಲ್ಲಿ ಇನ್‌ಸ್ಟಾಗ್ರಾಂ ರೀಲ್ಸ್ ಬಂತು. ಈಗ ಕಾಲೇಜು ಹುಡುಗಿಯೊಬ್ಬಳು ಹಾಸಿಗೆಯ ಮೇಲೆ ಐದು ಕುರ್ತಿಗಳನ್ನು ಹರವಿ, ಒಂದೊಂದನ್ನೇ ತೊಟ್ಟು ತೋರಿಸಿ, ಬೆಲೆ ಹೇಳಿ ವಿಡಿಯೊ ಹಾಕುತ್ತಾಳೆ. ಟಾಟಾ ಸಮೂಹದ ಜುಡಿಯೋ ಮಳಿಗೆಗಳು ಟಿ.ವಿ.ಯಲ್ಲಿ ಅಬ್ಬರವಿಲ್ಲದೆ ಊರೂರು ಹಬ್ಬಿದ್ದರಲ್ಲಿ ಇಂಥ ವಿಡಿಯೊಗಳ ಪಾಲೂ ಇದೆ. ಇದನ್ನು ಜಾಹೀರಾತು ಎನ್ನಬೇಕೇ? ಮುಂದೆ ಬರುವ ಸಿದ್ಧಾಂತಗಳಲ್ಲಿ ಹೆಚ್ಚಿನವು ಈ ಪ್ರಶ್ನೆ ಹುಟ್ಟುವ ಮೊದಲೇ ರೂಪುಗೊಂಡವು.

ಹೋಲಿಕೆಯ ನೋವು

ಈ ಚರ್ಚೆಯಲ್ಲಿ ಅತಿ ಹೆಚ್ಚು ಪುರಾವೆ ಇರುವುದು ಮನಶ್ಶಾಸ್ತ್ರಜ್ಞರ ಬಳಿ. ಮನುಷ್ಯ ತನ್ನ ಯೋಗ್ಯತೆಯನ್ನು ಇನ್ನೊಬ್ಬರೊಂದಿಗೆ ಹೋಲಿಸಿಯೇ ಅಳೆದುಕೊಳ್ಳುತ್ತಾನೆ ಎಂದು 1954ರಲ್ಲಿ ಲಿಯೋನ್ ಫೆಸ್ಟಿಂಜರ್ ಹೇಳಿದ. ಮಾರ್ಷಾ ರಿಚಿನ್ಸ್ 1991ರಲ್ಲಿ ಅದನ್ನು ಜಾಹೀರಾತಿಗೆ ಅನ್ವಯಿಸಿದರು. ಹೋಲಿಕೆ ನೆರೆಮನೆಯವಳೊಂದಿಗೆ ನಡೆದರೆ ಒಮ್ಮೆ ಗೆಲುವು, ಒಮ್ಮೆ ಸೋಲು. ಸಾವಿರದಲ್ಲಿ ಒಬ್ಬಳನ್ನು ಆರಿಸಿ, ಬೆಳಕು ಹೊಂದಿಸಿ, ಆಮೇಲೆ ಕಂಪ್ಯೂಟರಿನಲ್ಲಿ ತಿದ್ದಿದ ಚಿತ್ರದೊಂದಿಗೆ ನಡೆದರೆ ಯಾವಾಗಲೂ ಸೋಲು.

ಇದನ್ನು ಪರೀಕ್ಷಿಸಿದ 25 ಪ್ರಯೋಗಗಳನ್ನು ಗ್ರೋಸ್ ಮತ್ತು ಸಂಗಡಿಗರು 2002ರಲ್ಲಿ ಒಟ್ಟು ಹಾಕಿ ಲೆಕ್ಕ ಮಾಡಿದರು. ತೆಳ್ಳನೆಯ ರೂಪದರ್ಶಿಗಳ ಚಿತ್ರ ನೋಡಿದ ಹೆಣ್ಣುಮಕ್ಕಳಿಗೆ ತಮ್ಮ ಮೈಯ ಬಗ್ಗೆ ಅಸಮಾಧಾನ ಹೆಚ್ಚಿತ್ತು. 19 ದಾಟದವರಲ್ಲಿ ಇನ್ನೂ ಹೆಚ್ಚು. ಬಾರ್ಬರಾ ಫ್ರೆಡ್ರಿಕ್ಸನ್ ತಂಡದ 1998ರ ಪ್ರಯೋಗ ನೇರವಾಗಿ ಬಟ್ಟೆಯದೇ. ಕನ್ನಡಿಯಿದ್ದ ಕೋಣೆಯಲ್ಲಿ ಕೆಲವು ವಿದ್ಯಾರ್ಥಿನಿಯರಿಗೆ ಸ್ವೆಟರ್, ಕೆಲವರಿಗೆ ಈಜುಡುಗೆ ತೊಡಿಸಿ ಗಣಿತದ ಪರೀಕ್ಷೆ ಕೊಟ್ಟರು. ಈಜುಡುಗೆ ತೊಟ್ಟವರ ಅಂಕ ಕಡಿಮೆ ಬಂತು. ಗಂಡುಮಕ್ಕಳಲ್ಲಿ ಇಂಥ ವ್ಯತ್ಯಾಸ ಕಾಣಲಿಲ್ಲ. ತನ್ನ ದೇಹವನ್ನು ಸದಾ ಹೊರಗಿನ ಕಣ್ಣಿಂದ ನೋಡಿಕೊಳ್ಳುವ ಅಭ್ಯಾಸ ಮನಸ್ಸಿನ ಕಸುವನ್ನು ಹೀರಿಬಿಡುತ್ತದೆ ಎಂಬುದು ಅವರ ವಿವರಣೆ. ‘ನೋಟ ಪರರಿಚ್ಛೆ’ಯ ಬೆಲೆಯನ್ನು ಅಂಕಗಳಲ್ಲಿ ತೋರಿಸಿದ ಪ್ರಯೋಗವಿದು. ಸಣ್ಣದೆಂಬುದು ನಿಜ, ಆದರೂ ಮರೆಯಲಾಗದ್ದು.

ಎಲ್ಲರೂ ಉದಾಹರಿಸುವ ಅಧ್ಯಯನ ಫಿಜಿ ದ್ವೀಪದ್ದು. ದುಂಡುಮೈಯನ್ನೇ ಚೆಂದ ಎನ್ನುತ್ತಿದ್ದ ಅಲ್ಲಿನ ನದ್ರೋಗ ಪ್ರಾಂತ್ಯಕ್ಕೆ 1995ರಲ್ಲಿ ಟಿ.ವಿ. ಬಂತು. ಆನ್ ಬೆಕರ್ ಆಗಲೇ ಅಲ್ಲಿನ ಶಾಲಾ ಹುಡುಗಿಯರನ್ನು ಸಮೀಕ್ಷೆ ಮಾಡಿದರು, 1998ರಲ್ಲಿ ಮತ್ತೆ ಮಾಡಿದರು. ಊಟದ ವಿಷಯದಲ್ಲಿ ಅಪಾಯಕಾರಿ ಮನೋಭಾವ ತೋರಿದವರ ಪ್ರಮಾಣ ಶೇ 12.7ರಿಂದ ಶೇ 29.2ಕ್ಕೆ ಏರಿತ್ತು. ಆದರೆ ಒಂದು ಎಚ್ಚರ ಬೇಕು. ಆ ಹುಡುಗಿಯರು ನೋಡಿದ್ದು ಬಟ್ಟೆಯ ಜಾಹೀರಾತನ್ನಷ್ಟೇ ಅಲ್ಲ. ಧಾರಾವಾಹಿಯೂ ಇತ್ತು, ನಗರದ ಉದ್ಯೋಗದ ಕನಸೂ ಇತ್ತು. ತೆಳ್ಳಗಾದರೆ ಕೆಲಸ ಸಿಕ್ಕೀತು ಎಂದು ಅವರಲ್ಲಿ ಕೆಲವರು ಹೇಳಿದ್ದನ್ನು ಬೆಕರ್ ದಾಖಲಿಸಿದ್ದಾರೆ.

ಎದುರಾಳಿಗಳೂ ಗಟ್ಟಿ ಇದ್ದಾರೆ. ಮಾಧ್ಯಮದ ಪರಿಣಾಮವನ್ನು ಉತ್ಪ್ರೇಕ್ಷಿಸಲಾಗಿದೆ, ಮೊದಲೇ ತಮ್ಮ ಮೈ ಬಗ್ಗೆ ಕೊರಗಿರುವವರಿಗಷ್ಟೇ ಅದು ತಟ್ಟುತ್ತದೆ ಎಂದು ಕ್ರಿಸ್ಟಫರ್ ಫರ್ಗ್ಯುಸನ್ ವಾದಿಸುತ್ತಾ ಬಂದಿದ್ದಾರೆ. ವಾದ ಒಪ್ಪಿದರೂ ಸಮಾಧಾನ ಸಿಗುವುದಿಲ್ಲ. ಹದಿನಾರು ವರ್ಷಕ್ಕೆ ತನ್ನ ಮೈಬಣ್ಣ, ಎತ್ತರ, ಮೊಡವೆಗಳ ಬಗ್ಗೆ ಕೊರಗಿಲ್ಲದ ಮಕ್ಕಳು ಎಷ್ಟು ಜನ?

ಆಸೆ ಮೊದಲೋ, ಖಾಲಿತನ ಮೊದಲೋ

ಸ್ವಬಿಂಬದ ಪ್ರಶ್ನೆಗಿಂತ ಮೌಲ್ಯದ ಪ್ರಶ್ನೆ ತೊಡಕಿನದು. ಉಳ್ಳವರು ತಮ್ಮ ಉಳ್ಳತನವನ್ನು ಸಾರಲೆಂದೇ ಉಡುತ್ತಾರೆ ಎಂದು ಥಾರ್‌ಸ್ಟೀನ್ ವೆಬ್ಲೆನ್ 1899ರಲ್ಲೇ ಬರೆದಿದ್ದ. ವಸ್ತುವೇ ಸುಖ, ವಸ್ತುವೇ ಯಶಸ್ಸಿನ ಅಳತೆಗೋಲು ಎಂಬ ಭಾವನೆಯನ್ನು ಅಳೆಯುವ ಪ್ರಶ್ನಾವಳಿಯನ್ನು ರಿಚಿನ್ಸ್ ಮತ್ತು ಡಾಸನ್ 1992ರಲ್ಲಿ ರೂಪಿಸಿದ ಮೇಲೆ ನೂರಾರು ಅಧ್ಯಯನಗಳು ನಡೆದವು. ಜಾಹೀರಾತು ಹೆಚ್ಚು ನೋಡುವ ಮಕ್ಕಳಲ್ಲಿ ಈ ಭಾವನೆ ಹೆಚ್ಚಿರುವುದು ಮತ್ತೆ ಮತ್ತೆ ಕಂಡಿದೆ. ಆದರೆ ಯಾವುದು ಕಾರಣ, ಯಾವುದು ಪರಿಣಾಮ?

ಇಲ್ಲಿ ಎರಡು ಅಧ್ಯಯನಗಳು ಕಣ್ಣು ತೆರೆಸುತ್ತವೆ. ನೆದರ್ಲೆಂಡ್ಸ್‌ನಲ್ಲಿ ಸುಸಾನ್ನಾ ಓಪ್ರೀ ತಂಡ 8ರಿಂದ 11 ವರ್ಷದ 466 ಮಕ್ಕಳನ್ನು ಒಂದು ವರ್ಷದ ಅಂತರದಲ್ಲಿ ಎರಡು ಬಾರಿ ಮಾತಾಡಿಸಿ 2012ರಲ್ಲಿ ಫಲಿತಾಂಶ ಪ್ರಕಟಿಸಿತು. ವಸ್ತುಮೋಹದಿಂದ ಮಕ್ಕಳ ನೆಮ್ಮದಿ ಕೆಡಲಿಲ್ಲ. ನೆಮ್ಮದಿ ಕಡಿಮೆಯಿದ್ದ ಮಕ್ಕಳು ವಸ್ತುಗಳತ್ತ ವಾಲಿದರು, ಅದೂ ಜಾಹೀರಾತು ಹೆಚ್ಚು ನೋಡುತ್ತಿದ್ದವರು ಮಾತ್ರ. ಬೇಸರವನ್ನು ಜಾಹೀರಾತು ಹುಟ್ಟಿಸಲಿಲ್ಲ, ಬೇಸರಕ್ಕೆ ಅಂಗಡಿಯ ದಾರಿ ತೋರಿಸಿತು.

ಇನ್ನೊಂದು ಅಮೆರಿಕದ ಲಾನ್ ಚಾಪ್ಲಿನ್ ಮತ್ತು ಡೆಬೊರಾ ಜಾನ್ ಅವರದು, 2007ರದು. ‘ನನಗೆ ಯಾವುದು ಸಂತೋಷ ಕೊಡುತ್ತದೆ?’ ಎಂಬುದಕ್ಕೆ ಮಕ್ಕಳಿಂದ ಚಿತ್ರಗಳನ್ನು ಅಂಟಿಸಿ ಉತ್ತರ ಮಾಡಿಸಿದರು. 12–13 ವರ್ಷದವರ ಹಲಗೆಯಲ್ಲಿ ವಸ್ತುಗಳದೇ ರಾಶಿ. ಆತ್ಮವಿಶ್ವಾಸ ಕುಸಿದಿದ್ದೂ ಅದೇ ವಯಸ್ಸಿನವರಲ್ಲಿ. ಎರಡನೆಯ ಪ್ರಯೋಗದಲ್ಲಿ ಮಕ್ಕಳ ಕೈಗೆ ಒಂದೊಂದು ಕಾಗದದ ತಟ್ಟೆ ಕೊಟ್ಟರು. ಅದರ ಮೇಲೆ ಜೊತೆಯ ಮಕ್ಕಳು ಇವರ ಬಗ್ಗೆ ಬರೆದ ಒಳ್ಳೆಯ ಮಾತುಗಳಿದ್ದವು. ಅಷ್ಟಕ್ಕೇ ಅವರ ಚಿತ್ರಹಲಗೆಯಲ್ಲಿ ವಸ್ತುಗಳು ಕಡಿಮೆಯಾದವು. ಕಾಗದದ ತಟ್ಟೆಯ ಮೇಲಿನ ನಾಲ್ಕು ಒಳ್ಳೆಯ ಮಾತು ಬ್ರ್ಯಾಂಡಿನ ಜಾಗವನ್ನು ತುಂಬಬಲ್ಲದು ಎಂದಾದರೆ, ನಮ್ಮ ಮನೆ, ಶಾಲೆಗಳು ಹದಿಹರೆಯದವರಿಗೆ ಆ ನಾಲ್ಕು ಮಾತನ್ನೂ ಎಷ್ಟು ಜಿಪುಣತನದಿಂದ ಆಡುತ್ತವೆ ಎಂಬುದನ್ನು ಯೋಚಿಸಬೇಕು. ಅಂಕಪಟ್ಟಿ ಬಂದ ದಿನ ಕೇಳಿಸುವ ಮಾತುಗಳು ಎಲ್ಲರಿಗೂ ನೆನಪಿವೆ.

ಚಿತ್ರ ಏನು ಹೇಳುತ್ತದೆ

ಮೂರನೆಯ ಪಂಥದವರು ನೋಡುಗರನ್ನು ಬಿಟ್ಟು ಚಿತ್ರವನ್ನೇ ಓದಿದರು. ಜಾನ್ ಬರ್ಜರ್ 1972ರಲ್ಲಿ, ಜುಡಿತ್ ವಿಲಿಯಮ್ಸನ್ 1978ರಲ್ಲಿ ಜಾಹೀರಾತು ವಸ್ತುವಿಗೆ ಅರ್ಥವನ್ನು ಹೇಗೆ ಅಂಟಿಸುತ್ತದೆ ಎಂದು ಬಿಡಿಸಿ ತೋರಿಸಿದರು. ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1979ರ ಪುಸ್ತಕದಲ್ಲಿ ನೂರಾರು ಜಾಹೀರಾತು ಚಿತ್ರಗಳನ್ನು ಪಕ್ಕಪಕ್ಕ ಇಟ್ಟ. ಗಂಡಸು ನೇರ ನಿಂತಿರುತ್ತಾನೆ, ಹೆಂಗಸು ಮೊಣಕಾಲು ಬಾಗಿಸಿ ತಲೆ ವಾಲಿಸಿರುತ್ತಾಳೆ. ಗಂಡಸು ವಸ್ತುವನ್ನು ಬಿಗಿಯಾಗಿ ಹಿಡಿಯುತ್ತಾನೆ, ಹೆಂಗಸಿನ ಬೆರಳು ಅದನ್ನು ಸುಮ್ಮನೆ ಸವರುತ್ತದೆ. ಇದನ್ನು ಓದಿದ ಮೇಲೆ ನಮ್ಮ ಊರಿನ ಸೀರೆ ಅಂಗಡಿಯ ಹೋರ್ಡಿಂಗನ್ನು ನೋಡಿದರೆ ವಾಲಿದ ತಲೆ ಕಾಣುತ್ತದೆ. ಬನಿಯನ್ ಜಾಹೀರಾತಿನಲ್ಲಿ ಹತ್ತು ಜನರನ್ನು ಹೊಡೆದುರುಳಿಸುವ ನಾಯಕನೂ ಕಾಣುತ್ತಾನೆ. ಹರಿದ ಬನಿಯನ್ ತೊಟ್ಟು ದುಡಿಯುವ ಅಪ್ಪನ ಮಗ ಆ ಎದೆಯನ್ನು ನೋಡಿ ಜಿಮ್ಮಿಗೆ ಸೇರುತ್ತಾನೆ. ಗಂಡುಮಕ್ಕಳ ಈ ಕೊರಗಿನ ಬಗ್ಗೆ ಸಂಶೋಧನೆ ತಡವಾಗಿ ಶುರುವಾಯಿತು, ಇನ್ನೂ ತೆಳುವಾಗಿಯೇ ಇದೆ.

ಚಿತ್ರಕ್ಕೂ ಬದುಕಿಗೂ ನೇರ ನಂಟಿದೆ ಎಂಬುದಕ್ಕೆ ಅಬರ್‌ಕ್ರೋಂಬಿ ಅಂಡ್ ಫಿಚ್ ಪ್ರಕರಣಕ್ಕಿಂತ ಸ್ಪಷ್ಟ ಸಾಕ್ಷಿ ಸಿಗುವುದು ಕಷ್ಟ. ತಮ್ಮ ಬಟ್ಟೆ ಚೆಂದದ, ಜನಪ್ರಿಯ ಹುಡುಗ ಹುಡುಗಿಯರಿಗಷ್ಟೇ ಎಂದು ಅದರ ಮುಖ್ಯಸ್ಥ ಮೈಕ್ ಜೆಫ್ರಿಸ್ 2006ರಲ್ಲಿ ಬಾಯಿಬಿಟ್ಟು ಹೇಳಿದ್ದ. ಜಾಹೀರಾತಿನ ಬಿಳಿ ಮುಖಗಳಿಗೆ ಹೊಂದದವರನ್ನು ಅಂಗಡಿಯ ಕೆಲಸಕ್ಕೂ ದೂರವಿಟ್ಟ ಆರೋಪ ಅದಕ್ಕೂ ಮೊದಲೇ ಕಂಪನಿಯ ಮೇಲಿತ್ತು. ಕರಿಯರು, ಲ್ಯಾಟಿನೊ, ಏಷ್ಯನ್ ಮೂಲದ ಯುವಜನರು ಹೂಡಿದ ಆ ದಾವೆ 2004ರಲ್ಲಿ 4 ಕೋಟಿ ಡಾಲರ್ ಪರಿಹಾರದ ಒಪ್ಪಂದದಲ್ಲಿ ಮುಗಿಯಿತು. ಜಾಹೀರಾತಿನಲ್ಲಿಯೂ ಎಲ್ಲ ಬಗೆಯ ಮುಖಗಳಿರಬೇಕು ಎಂಬ ಷರತ್ತು ಆ ಒಪ್ಪಂದದಲ್ಲೇ ಇತ್ತು.

ಗತ್ತು, ಸ್ಟೈಲು, ಫಸ್ಟ್ ಕಾಪಿ

ಹರೆಯದವರನ್ನು ಮೇಣದ ಮುದ್ದೆಯಂತೆ ಕಾಣುವುದೇ ತಪ್ಪು ಎನ್ನುವ ಪಂಥವೊಂದಿದೆ. ಜಾಹೀರಾತಿನ ಶಕ್ತಿಯನ್ನು ಅದರ ವೈರಿಗಳೇ ಕಂಪನಿಗಳಿಗಿಂತ ಹೆಚ್ಚು ನಂಬುತ್ತಾರೆ ಎಂಬ ಧಾಟಿಯಲ್ಲಿ ಮೈಕೆಲ್ ಶುಡ್‌ಸನ್ 1984ರಲ್ಲಿ ವಾದಿಸಿದ. ಇಂಗ್ಲೆಂಡಿನ ಶಾಲೆಗಳಲ್ಲಿ ಹದಿಹರೆಯದವರ ನಡುವೆ ತಿಂಗಳುಗಟ್ಟಲೆ ಕುಳಿತ ರಿಟ್ಸನ್ ಮತ್ತು ಎಲಿಯಟ್ 1999ರಲ್ಲಿ ಬರೆದಂತೆ, ಮಕ್ಕಳು ಜಾಹೀರಾತನ್ನು ಆಟದ ಸಾಮಾನಿನಂತೆ ಬಳಸುತ್ತಾರೆ; ಅಣಕಿಸುತ್ತಾರೆ, ಹಾಡುತ್ತಾರೆ, ಅದನ್ನಾಡಿಕೊಂಡೇ ಗೆಳೆತನ ಬೆಳೆಸುತ್ತಾರೆ. ಕೊಳ್ಳದ ವಸ್ತುವಿನ ಜಾಹೀರಾತನ್ನೂ ಇಷ್ಟಪಡುತ್ತಾರೆ.

ಕನ್ನಡಿಗರಿಗೆ ಹತ್ತಿರದ ಅಧ್ಯಯನ ಕಾನ್‌ಸ್ಟಂಟೈನ್ ನಕಾಸಿಸ್ ಅವರದು. ಚೆನ್ನೈ, ಮದುರೈ ಕಾಲೇಜುಗಳ ಹುಡುಗರ ಜೊತೆ ಬದುಕಿ 2016ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಅವರು ಕಂಡದ್ದು ಕಂಪನಿಗಳ ನಿದ್ದೆಗೆಡಿಸುವಂಥದ್ದು. ಅಂಗಿಯ ಮೇಲೆ ದೊಡ್ಡ ವಿದೇಶಿ ಹೆಸರಿರಬೇಕು, ಸರಿ. ಅದು ಅಸಲಿಯೋ ನಕಲಿಯೋ, ಆ ಹೆಸರಿನ ಕಂಪನಿ ಏನು ಮಾರುತ್ತದೋ ಹುಡುಗರಿಗೆ ಬೇಕಿಲ್ಲ. ಬೇಕಿದ್ದದ್ದು ಗೆಳೆಯರ ನಡುವೆ ‘ಸ್ಟೈಲು’, ಗತ್ತು. ಅತಿಯಾದರೆ ಅದೇ ಗೆಳೆಯರು ಕಾಲೆಳೆಯುತ್ತಿದ್ದರು. ನಮ್ಮ ಊರುಗಳಲ್ಲೂ ‘ಫಸ್ಟ್ ಕಾಪಿ’ ಎಂಬ ಮಾತು ಯಾವ ಅಳುಕೂ ಇಲ್ಲದೆ ಓಡಾಡುತ್ತದೆ. ‘ಬಿಲ್ಡಪ್ ಜಾಸ್ತಿ ಆಯ್ತು ಮಗಾ’ ಎಂಬ ಕೀಟಲೆಯೂ ಅಷ್ಟೇ ಸಹಜ. ಇಲ್ಲಿ ‘ಪರರು’ ಎಂದರೆ ಜಾಹೀರಾತಲ್ಲ, ಹಾಸ್ಟೆಲ್ಲಿನ ಗೆಳೆಯರು.

ಹುಡುಗಿಯರಿಗೆ ಇಷ್ಟು ಸಲೀಸಿಲ್ಲ. ಕೇರಳದ ಸಣ್ಣ ಊರಿನ ಕಾಲೇಜಿನಲ್ಲಿ ಅಧ್ಯಯನ ಮಾಡಿದ ರಿತ್ತಿ ಲೂಕೋಸ್ 2009ರ ಪುಸ್ತಕದಲ್ಲಿ ತೋರಿಸಿದ ಹಾಗೆ, ಅದೇ ಫ್ಯಾಷನ್ನು ಹುಡುಗನಿಗೆ ಮೋಜು, ಹುಡುಗಿಗೆ ಹಗ್ಗದ ಮೇಲಿನ ನಡಿಗೆ. ತೀರಾ ಹಳೆಯದು ತೊಟ್ಟರೆ ಗಮಾರಿ, ತುಸು ಹೊಸದು ತೊಟ್ಟರೆ ಮಾತು. ಈ ಪಂಥದ ಬರಹಗಳು ಹರೆಯದವರ ಜಾಣತನವನ್ನು ಗೌರವಿಸುತ್ತವೆ, ಅದು ದೊಡ್ಡ ಗುಣ. ಜಾಹೀರಾತನ್ನು ಅಣಕಿಸುವ ಹುಡುಗಿಯೇ ರಾತ್ರಿ ಕನ್ನಡಿಯ ಮುಂದೆ ತನ್ನನ್ನು ಹಳಿದುಕೊಳ್ಳಬಹುದು ಎಂಬುದಕ್ಕೆ ಅವುಗಳ ಬಳಿ ಉತ್ತರ ಕಡಿಮೆ.

ಬಟ್ಟೆ ಮತ್ತು ಮರ್ಯಾದೆ

ಪಶ್ಚಿಮದ ಸಿದ್ಧಾಂತಗಳೆಲ್ಲ ಒಂದು ವಿಷಯದಲ್ಲಿ ಇಲ್ಲಿಗೆ ಸಾಲುವುದಿಲ್ಲ. ಉಡುಗೆಯಿಂದ ಮನುಷ್ಯನ ಬೆಲೆ ಕಟ್ಟುವುದನ್ನು ಈ ದೇಶಕ್ಕೆ ಜಾಹೀರಾತು ಕಲಿಸಲಿಲ್ಲ. ಯಾರು ಮೊಣಕಾಲ ಕೆಳಗೆ ಉಡಬಾರದು, ಯಾರು ಎದೆ ಮುಚ್ಚಬಾರದು ಎಂಬುದನ್ನು ಜಾತಿ ಎಂದೋ ಬರೆದಿಟ್ಟಿತ್ತು. ತಿರುವಾಂಕೂರಿನ ನಾಡಾರ್ ಹೆಂಗಸರು ರವಿಕೆಗಾಗಿ ದಶಕಗಟ್ಟಲೆ ಹೋರಾಡಬೇಕಾಯಿತು. 1927ರಲ್ಲಿ ಮಹಾಡದಲ್ಲಿ ಅಂಬೇಡ್ಕರ್ ದಲಿತ ಹೆಣ್ಣುಮಕ್ಕಳಿಗೆ ಹೇಳಿದ ಮಾತುಗಳಲ್ಲಿ ಸೀರೆ ಉಡುವ ರೀತಿಯೂ ಸೇರಿತ್ತು: ಜಾತಿಯ ಗುರುತು ಸಾರುವ ಹಳೆಯ ಉಡುಗೆಯನ್ನು ಬಿಡಿ. ಗಾಂಧಿಯ ತುಂಡುಪಂಚೆಯ ಪಕ್ಕದಲ್ಲಿ ಅಂಬೇಡ್ಕರರ ಕೋಟನ್ನು ಇಟ್ಟು ನೋಡಿದರೆ, ಸರಳತೆ ಎಂಬ ಮೌಲ್ಯ ಎಲ್ಲರಿಗೂ ಒಂದೇ ಅಲ್ಲ ಎಂದು ತಿಳಿಯುತ್ತದೆ.

ಇದು ಹಳೆಯ ಕಥೆಯೂ ಅಲ್ಲ. 2024ರ ಫೆಬ್ರುವರಿಯಲ್ಲಿ ಬೆಂಗಳೂರಿನ ರಾಜಾಜಿನಗರ ಮೆಟ್ರೊ ನಿಲ್ದಾಣದಲ್ಲಿ ಮಾಸಿದ ಬಟ್ಟೆಯ ರೈತರೊಬ್ಬರನ್ನು ತಡೆಯಲಾಯಿತು. ಜುಲೈನಲ್ಲಿ ಮಾಗಡಿ ರಸ್ತೆಯ ಮಾಲ್ ಒಂದು ಪಂಚೆ ಉಟ್ಟ ಹಿರಿಯ ರೈತರನ್ನು ಒಳಗೆ ಬಿಡಲಿಲ್ಲ. ಮಗ ಅವರನ್ನು ಸಿನಿಮಾ ತೋರಿಸಲು ಕರೆತಂದಿದ್ದ. ಸರ್ಕಾರ ಆ ಮಾಲನ್ನು ಏಳು ದಿನ ಮುಚ್ಚಿಸಿತು. ಬಾಗಿಲಲ್ಲಿ ನಿಂತ ಆ ಮಗನ ಜಾಗದಲ್ಲಿ ನಿಂತು ನೋಡಿದವರಿಗೆ, ಕೂಲಿ ಮಾಡುವವರ ಮಗನೊಬ್ಬ ಎರಡು ತಿಂಗಳು ಉಳಿಸಿದ ದುಡ್ಡಿನಲ್ಲಿ ಬ್ರ್ಯಾಂಡಿನ ಅಂಗಿ ಏಕೆ ಕೊಳ್ಳುತ್ತಾನೆ ಎಂಬುದು ತಟ್ಟನೆ ಅರ್ಥವಾಗುತ್ತದೆ. ಅದನ್ನು ವಸ್ತುಮೋಹ ಎಂಬ ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಅನ್ಯಾಯ. ಅವನಿಗೆ ಅದು ಕಾವಲುಗಾರನ ಕಣ್ಣಿನಿಂದ ಪಾರಾಗುವ ರಹದಾರಿ. ಜಾಹೀರಾತು ಮಾಡಿದ್ದು ಇಷ್ಟು: ಮೊದಲು ಹುಟ್ಟಿನಿಂದ ಮಾತ್ರ ಸಿಗುತ್ತಿದ್ದ ಮರ್ಯಾದೆಗೆ ಬೆಲೆಯ ಚೀಟಿ ಅಂಟಿಸಿತು. ಹುಟ್ಟಿನ ಬೇಲಿಗಿಂತ ದುಡ್ಡಿನ ಬೇಲಿ ದಾಟಲು ಸುಲಭ ಎಂದು ಕೆಲವರು ಸಮಾಧಾನಪಡುತ್ತಾರೆ. ಅದೂ ಬೇಲಿಯೇ ಎಂದು ಇನ್ನು ಕೆಲವರು ನೆನಪಿಸುತ್ತಾರೆ.

ಬೇಲಿಯನ್ನೇ ಕೀಳಲು ಯತ್ನಿಸಿದವರೂ ಇದ್ದಾರೆ. ಸಾಗರ ತಾಲ್ಲೂಕಿನ ಹೆಗ್ಗೋಡು ಬಳಿಯ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಕಟ್ಟಿದ ಚರಕ ಸಂಸ್ಥೆಯ ಹೆಣ್ಣುಮಕ್ಕಳು ಅಡಿಕೆ ಚೊಗರಿನಂಥ ಸಹಜ ಬಣ್ಣದ ಕೈಮಗ್ಗದ ಬಟ್ಟೆ ತಯಾರಿಸುತ್ತಾರೆ. ‘ದೇಸಿ’ ಅಂಗಡಿಗಳಲ್ಲಿ ಅದು ಮಾರಾಟವಾಗುತ್ತದೆ. ಒಂದು ಕಾಲದ ಕಾಲೇಜು ಯುವಜನರ ಗುಂಪಿಗೆ ಆ ಜುಬ್ಬಾವೇ ಹೆಮ್ಮೆಯ ಗುರುತಾಯಿತು. ಅದರ ಜೊತೆಗೆ ‘ನಾವು ವಿಚಾರವಂತರು’ ಎಂಬ ಸಂದೇಶವೂ ಹೊರಟಿತು ಎಂಬುದನ್ನು ಮುಚ್ಚಿಡಬೇಕಿಲ್ಲ.

ಪ್ರಗತಿಪರ ಮೌಲ್ಯವನ್ನು ಕಂಪನಿಗಳೂ ಎತ್ತಿಕೊಂಡಿವೆ. 2015ರಲ್ಲಿ ಮಿಂತ್ರಾದ ಅನೂಕ್ ಬ್ರ್ಯಾಂಡು ಸಲಿಂಗ ಪ್ರೇಮಿಗಳಾದ ಇಬ್ಬರು ಯುವತಿಯರು ತಂದೆತಾಯಿಯ ಭೇಟಿಗೆ ಸಿದ್ಧವಾಗುವ ಜಾಹೀರಾತು ಮಾಡಿತು. ಸಲಿಂಗ ಪ್ರೇಮವನ್ನು ಅಪರಾಧವೆನ್ನುತ್ತಿದ್ದ 377ನೇ ಕಲಮಿನ ಭಾಗವನ್ನು ಸುಪ್ರೀಂ ಕೋರ್ಟು ತೊಡೆದದ್ದು ಅದಾದ ಮೇಲೆ, 2018ರಲ್ಲಿ. 2021ರಲ್ಲಿ ಮಾನ್ಯವರ್ ಕನ್ಯಾದಾನದ ಪರಿಕಲ್ಪನೆಯನ್ನೇ ಪ್ರಶ್ನಿಸಿದ ಜಾಹೀರಾತಿಗೆ ಬೈಗುಳ ಕೇಳಿತು, ಅದೇ ವರ್ಷ ಫ್ಯಾಬ್‌ಇಂಡಿಯಾ ದೀಪಾವಳಿಯ ಹೊತ್ತಿನ ಸಂಗ್ರಹಕ್ಕೆ ಉರ್ದು ಹೆಸರಿಟ್ಟದ್ದಕ್ಕೆ ಜಾಹೀರಾತನ್ನೇ ಹಿಂತೆಗೆದುಕೊಂಡಿತು. ಮೌಲ್ಯ ಮಾರಾಟಕ್ಕೆ ನೆರವಾಗುವವರೆಗೆ ಕಂಪನಿ ಮೌಲ್ಯದ ಜೊತೆಗಿರುತ್ತದೆ ಎಂದು ವಿಮರ್ಶಕರು ಹೇಳುತ್ತಾರೆ. ನಿಜವಿರಬಹುದು. ಆದರೂ ಅನೂಕ್ ಜಾಹೀರಾತಿನಲ್ಲಿ ತನ್ನಂಥವಳನ್ನು ಮೊದಲ ಬಾರಿಗೆ ಕಂಡ ಹುಡುಗಿಗೆ ಆ ಮೂರು ನಿಮಿಷ ಸುಳ್ಳಾಗಿರಲಾರದು.

ಕಾನೂನಿನ ಕೈ ಎಲ್ಲಿಯವರೆಗೆ

ಭಾರತದಲ್ಲಿ ಜಾಹೀರಾತಿನ ನಿಯಂತ್ರಣ ಹೆಚ್ಚಾಗಿ ಅಶ್ಲೀಲತೆಯ ಸುತ್ತ ತಿರುಗಿದೆ. 1986ರ ಸ್ತ್ರೀ ಅಸಭ್ಯ ಚಿತ್ರಣ ತಡೆ ಕಾಯ್ದೆ, 2007ರಲ್ಲಿ ಕೇಂದ್ರ ಸರ್ಕಾರ ಎರಡು ಒಳಉಡುಪಿನ ಜಾಹೀರಾತುಗಳನ್ನು ಟಿ.ವಿ.ಯಿಂದ ತೆಗೆಸಿದ್ದು, ಎಲ್ಲವೂ ಆ ಜಾಡಿನವು. ಮೈ ಎಷ್ಟು ಕಾಣುತ್ತದೆ ಎಂಬುದನ್ನು ಅಳೆದರು, ಆ ಮೈ ನೋಡುಗರಿಗೆ ಏನು ಮಾಡುತ್ತದೆ ಎಂಬುದನ್ನು ಅಳೆಯಲಿಲ್ಲ. ಈಗೀಗ ದಿಕ್ಕು ಬದಲಾಗುತ್ತಿದೆ. 1985ರಲ್ಲಿ ಹುಟ್ಟಿದ ಜಾಹೀರಾತು ಉದ್ಯಮದ ಸ್ವಯಂನಿಯಂತ್ರಣ ಸಂಸ್ಥೆ ಆಸ್ಕಿ 2021ರಲ್ಲಿ ಇನ್‌ಫ್ಲುಯೆನ್ಸರುಗಳಿಗೆ, 2022ರಲ್ಲಿ ಲಿಂಗಪೂರ್ವಗ್ರಹಗಳ ಬಗ್ಗೆ ಮಾರ್ಗಸೂಚಿ ತಂದಿತು. 2022ರ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರದ ನಿಯಮಗಳು ಮಕ್ಕಳಲ್ಲಿ ತಮ್ಮ ದೇಹದ ಬಗ್ಗೆ ಕೀಳುಭಾವನೆ ಬೆಳೆಸುವ ಜಾಹೀರಾತು ಕೂಡದು ಎಂದು ಹೇಳುತ್ತವೆ.

ಇಸ್ರೇಲ್ 2012ರಲ್ಲಿ, ಫ್ರಾನ್ಸ್ 2017ರಲ್ಲಿ ತಿದ್ದಿದ ಚಿತ್ರಕ್ಕೆ ‘ತಿದ್ದಲಾಗಿದೆ’ ಎಂಬ ಚೀಟಿ ಕಡ್ಡಾಯ ಮಾಡಿದವು. 2022ರಲ್ಲಿ ನಾರ್ವೆ ಹಣ ಪಡೆದು ಪೋಸ್ಟ್ ಹಾಕುವವರನ್ನೂ ಅದರೊಳಗೆ ತಂದಿತು. ಒಳ್ಳೆಯ ಆಲೋಚನೆಯೇ. ಆದರೆ ಆಸ್ಟ್ರೇಲಿಯಾದ ಮರಿಕಾ ಟಿಗೆಮನ್ ಮತ್ತು ಇತರರ ಪ್ರಯೋಗಗಳಲ್ಲಿ ಇಂಥ ಚೀಟಿಗಳು ಹೋಲಿಕೆಯ ನೋವನ್ನು ಕಡಿಮೆ ಮಾಡಲಿಲ್ಲ. ಸುಳ್ಳೆಂದು ಗೊತ್ತಾದ ಮೇಲೂ ಚಿತ್ರ ಚುಚ್ಚುತ್ತದೆ.

ಬಗೆಹರಿಯದೆ ಉಳಿದದ್ದು

ಮೊದಲ ತೊಡಕು ಜಾಹೀರಾತು ಎಂದರೇನು ಎಂಬುದೇ. ಹಳೆಯ ಪ್ರಯೋಗಗಳು ಅಳೆದದ್ದು ಪತ್ರಿಕೆಯ ಪುಟವನ್ನು, ಮೂವತ್ತು ಸೆಕೆಂಡಿನ ಟಿ.ವಿ. ತುಣುಕನ್ನು. ಗೆಳತಿಯ ರೀಲ್ಸನ್ನು, ಅದರ ಕೆಳಗೆ ತಾನಾಗಿ ಬಂದು ಕೂರುವ ಕೊಂಡಿಯನ್ನು ಹೇಗೆ ಅಳೆಯುವುದು? ಮೈ ಬಗ್ಗೆ ಮೊದಲೇ ಕೊರಗಿದ್ದ ಹದಿಹರೆಯದ ಹುಡುಗಿಯರಲ್ಲಿ ಶೇ 32ರಷ್ಟು ಮಂದಿ ಇನ್‌ಸ್ಟಾಗ್ರಾಂನಿಂದ ಕೊರಗು ಹೆಚ್ಚಾಯಿತು ಎಂದದ್ದು 2021ರಲ್ಲಿ ಸೋರಿದ ಕಂಪನಿಯದೇ ಕಾಗದಗಳಿಂದ ಬಯಲಾಯಿತು. ಎಂಥ ಚಿತ್ರ ಯಾರಿಗೆ ಎಷ್ಟು ಬಾರಿ ತೋರಿತು ಎಂಬ ಲೆಕ್ಕ ಕಂಪನಿಗಳ ಬೀಗದೊಳಗಿದೆ.

ಎರಡನೆಯದು ಕಾರಣ-ಪರಿಣಾಮದ ಗಂಟು. ಡಚ್ ಮಕ್ಕಳ ಅಧ್ಯಯನ ಅದನ್ನು ಸ್ವಲ್ಪ ಸಡಿಲಿಸಿತು, ಬಿಚ್ಚಲಿಲ್ಲ. ಬಾಲ್ಯದಲ್ಲಿ ಹತ್ತಿದ ಬ್ರ್ಯಾಂಡಿನ ಹುಚ್ಚು ಮೂವತ್ತರ ವಯಸ್ಸಿಗೆ ಉಳಿಯುತ್ತದೆಯೋ, ಮೊಡವೆಯಂತೆ ಮಾಯವಾಗುತ್ತದೆಯೋ? ಅದನ್ನು ಹೇಳಲು ಅದೇ ಮಕ್ಕಳನ್ನು ಹದಿನೈದು ವರ್ಷ ಹಿಂಬಾಲಿಸಬೇಕು. ಇನ್ನೊಂದು ಗಂಟು ಚಿತ್ರಗಳ ವೈವಿಧ್ಯದ್ದು. ಜಾಹೀರಾತಿನಲ್ಲಿ ಕಪ್ಪುಮೈ, ದಪ್ಪಮೈಗಳೂ ಕಾಣಿಸಿಕೊಂಡರೆ ಹೋಲಿಕೆಯ ನೋವು ತಗ್ಗುತ್ತದೆಯೋ, ಅಥವಾ ಇನ್ನಷ್ಟು ಜನ ತಮ್ಮ ಮೈಯನ್ನೇ ದಿಟ್ಟಿಸತೊಡಗುತ್ತಾರೋ ಎಂಬುದರಲ್ಲಿ ಸಂಶೋಧಕರಿಗೇ ಒಮ್ಮತವಿಲ್ಲ.

ಮೂರನೆಯದು ಯಾರನ್ನು ಕೇಳಲಾಗಿದೆ ಎಂಬುದು. ಅಧ್ಯಯನಗಳಲ್ಲಿ ಹೆಚ್ಚಿನವು ಅಮೆರಿಕ, ಯುರೋಪಿನ ಕಾಲೇಜು ವಿದ್ಯಾರ್ಥಿನಿಯರವು. ಪೀಣ್ಯದ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಗಂಟೆಗೆ ಇಂತಿಷ್ಟು ಪೀಸ್ ಎಂಬ ಟಾರ್ಗೆಟ್ಟಿಗೆ ವಿದೇಶಿ ಬ್ರ್ಯಾಂಡಿನ ಕಾಲರ್ ಕೂರಿಸುವ ಹತ್ತೊಂಬತ್ತರ ಹುಡುಗಿಯನ್ನು ತೆಗೆದುಕೊಳ್ಳಿ. ಲೇಬಲ್ ಹಚ್ಚುವುದು ಅವಳ ಸಾಲಿನಲ್ಲೇ. ಆ ಅಂಗಿಗೆ ಅಂಗಡಿಯಲ್ಲಿ ಎಷ್ಟು ಬೆಲೆ, ತನ್ನ ಕೈಗೆ ಬರುವುದು ಎಷ್ಟು ಎಂಬುದು ಅವಳಿಗೆ ಚೆನ್ನಾಗಿ ಗೊತ್ತು. ಅವಳಂಥವರೇ 2016ರ ಏಪ್ರಿಲ್‌ನಲ್ಲಿ ಪಿ.ಎಫ್. ಹಣ ಹಿಂಪಡೆಯುವುದಕ್ಕೆ ಮಿತಿ ಹೇರಿದ ನಿಯಮದ ವಿರುದ್ಧ ಬೀದಿಗಿಳಿದು, ಕೇಂದ್ರ ಸರ್ಕಾರ ಅದನ್ನು ಹಿಂತೆಗೆದುಕೊಳ್ಳುವಂತೆ ಮಾಡಿದರು. ಸಂಜೆ ಪಿ.ಜಿ.ಯ ಕೋಣೆಯಲ್ಲಿ ಅವಳು ಅದೇ ಬ್ರ್ಯಾಂಡಿನ ಅಂಗಿ ತೊಟ್ಟವರ ರೀಲ್ಸ್ ನೋಡುತ್ತಾಳೆ, ಹಬ್ಬಕ್ಕೆ ಊರಿಗೆ ಹೋಗುವಾಗ ತೊಡಲು ಮೀಶೋದಲ್ಲಿ ಅಂಥದೇ ಒಂದನ್ನು ಹುಡುಕುತ್ತಾಳೆ. ಹೋಲಿಕೆಯ ಸಿದ್ಧಾಂತ ಅವಳನ್ನು ಸೋತವಳೆನ್ನುತ್ತದೆ, ಸ್ಟೈಲಿನ ಸಿದ್ಧಾಂತ ಜಾಣೆ ಎನ್ನುತ್ತದೆ, ಮರ್ಯಾದೆಯ ಸಿದ್ಧಾಂತ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಅವಳು ಇಳಿಯುವ ಗಳಿಗೆಯನ್ನು ನೋಡಿ ಎನ್ನುತ್ತದೆ. ಅಂಗಿಯ ಹೊಲಿಗೆಯನ್ನೂ ಬೆಲೆಯನ್ನೂ ಬಲ್ಲ ಅವಳ ಮೇಲೆ ಆ ಜಾಹೀರಾತು ಉಳಿದವರ ಮೇಲಾದಂತೆಯೇ ಕೆಲಸ ಮಾಡುತ್ತದೆಯೇ ಎಂದು ಅವಳ ಪಕ್ಕದಲ್ಲಿ ಕುಳಿತು ಕೇಳಿದವರು ವಿರಳ.